ಹಳೇ ರೈಫಲಿನ ಮರಕ್ಕೆ ನ್ಯಾಯವಾದ ಬೆಲೆ ಹೇಳಿದ ಬಂದರಿನ ಅಂಗಡಿ

ಮಂಗಳೂರಿನಲ್ಲಿ ಹಳೇ ಸಾಮಾನಿಗೆ ಬೆಲೆ ಕಟ್ಟಿಸಬೇಕಾದರೆ ನಾನಂತೂ ಇನ್ನು ಬಂದರಿನ ಈ ಅಂಗಡಿಗೇ ಹೋಗುವುದು. ಸಣ್ಣ ಜಾಗ, ಬೋರ್ಡು ಸರಿಯಾಗಿ ಕಾಣುವುದಿಲ್ಲ, ಕಾರು ನಿಲ್ಲಿಸುವ ಹಾಗೇ ಇಲ್ಲ. ಆದರೆ ಒಳಗೆ ಕೂತ ಯಜಮಾನರಿಗೆ ವಸ್ತು ಗೊತ್ತು.

ನಾನು ಒಯ್ದದ್ದು ಅಜ್ಜನ ಮನೆಯ ಅಟ್ಟದಲ್ಲಿದ್ದ ಲೀ-ಎನ್‌ಫೀಲ್ಡ್ ರೈಫಲಿನ ಮರ. ಬ್ರಿಟಿಷರ ಕಾಲದ .303, ನಮ್ಮ ಪೊಲೀಸರ ಹೆಗಲ ಮೇಲೂ ಎಷ್ಟೋ ವರ್ಷ ಇತ್ತಲ್ವಾ, ಅದೇ. ಹೆಗಲಿಗೆ ಆನಿಸುವ ಬಟ್ಟು, ನಳಿಗೆಯ ಅಡಿಗೆ ಬರುವ ಉದ್ದದ ಮರ, ಇಷ್ಟೇ. ಮೊದಲು ಬೇರೊಂದು ಕಡೆ ತೋರಿಸಿದಾಗ ಕೈಗೂ ತಗೊಳ್ಳದೆ, "ಉಜ್ಜಿ ಪಾಲಿಶ್ ಹೊಡೆಸಿ ತನ್ನಿ, ಐನೂರು ಕೊಡುವ" ಅಂದಿದ್ದರು.

ಇವರು ಮೊದಲು ಕೇಳಿದ್ದೇ ಬೇರೆ. "ಮನೆಯಲ್ಲಿ ಕಬ್ಬಿಣ ಏನಾದ್ರೂ ಉಂಟಾ? ನಳಿಗೆ, ಬೋಲ್ಟು?" ಇಲ್ಲ ಅಂದ ಮೇಲೆಯೇ ಮುಂದಿನ ಮಾತು. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬಿಡಿಭಾಗವೂ ಆಯುಧದ ಲೆಕ್ಕವೇ. ಉಳಿದ ಭಾಗಗಳ ಜೊತೆ ಸೇರಿಸಿ ಬಳಸುವ ಉದ್ದೇಶ ಇಲ್ಲದ ಚಿಕ್ಕಪುಟ್ಟ ಭಾಗಕ್ಕೆ ಮಾತ್ರ 45ನೇ ಕಲಮಿನಲ್ಲಿ ವಿನಾಯಿತಿ ಇದೆ. ಸಂಶಯ ಇದ್ದರೆ ಡಿಸಿ ಆಫೀಸಿನಲ್ಲಿ ಕೇಳಿ ಅಂತ ಅವರೇ ಹೇಳಿದರು. ಕಳಕೊಳ್ಳಬಹುದಾದ ಗಿರಾಕಿಗೂ ಇದನ್ನು ಹೇಳುವವರು ಕಡಿಮೆ.

ಆಮೇಲೆ ನೋಡಿದ ರೀತಿ ಇಷ್ಟ ಆಯ್ತು. ಲೈಟು ಆರಿಸಿ, ಟಾರ್ಚನ್ನು ಮರಕ್ಕೆ ಒರಗಿಸಿದ ಹಾಗೆ ಓರೆಯಾಗಿ ಹಿಡಿದರು. ಅಷ್ಟು ಹೊತ್ತು ಬರೀ ಕಪ್ಪಾಗಿ ಕಾಣುತ್ತಿದ್ದ ಮರದಲ್ಲಿ ಒತ್ತಿದ ಮುದ್ರೆಗಳೆಲ್ಲ ಎದ್ದು ಬಂದವು. ಬಟ್ಟಿನ ಮೇಲ್ತುದಿಯಲ್ಲಿ 'ಎಸ್' ಅಕ್ಷರ: ಸಿಪಾಯಿಯ ಮೈಕಟ್ಟಿಗೆ ತಕ್ಕಂತೆ ಬಟ್ಟನ್ನು ಬೇರೆ ಬೇರೆ ಉದ್ದದಲ್ಲಿ ಮಾಡುತ್ತಿದ್ದರು, ಇದು ಗಿಡ್ಡದ್ದು. ಬಲಬದಿಯಲ್ಲಿ ರೆಜಿಮೆಂಟಿನ ಗುರುತು ಹಾಕುವ ಹಿತ್ತಾಳೆ ಬಿಲ್ಲೆ ಹಾಗೇ ಇತ್ತು, ಅದಕ್ಕೆ ಬೆಲೆ ಏರಿಸಿದರು. ಹಿಂದಿನ ಹಿತ್ತಾಳೆ ತಗಡಿನ ಪುಟ್ಟ ಬಾಗಿಲು ತೆರೆದು ನೋಡಿದರು. ಒಳಗಿರಬೇಕಾದ ಎಣ್ಣೆ ಬಾಟಲಿ, ನಳಿಗೆ ಒರೆಸುವ ದಾರ ಇರಲಿಲ್ಲ, ಅಷ್ಟು ಇಳಿಸಿದರು. ಉದ್ದದ ಮರದಲ್ಲಿ ಅಡ್ಡಲಾಗಿ ಒಂದು ಸ್ಕ್ರೂ ಇದೆ. ಮರ ಸೀಳಬಾರದು ಅಂತ ಬಂಗಾಳದ ಇಶಾಪುರ ಕಾರ್ಖಾನೆಯಲ್ಲಿ ಹಾಕುತ್ತಿದ್ದದ್ದಂತೆ. ಯಾರೋ ಆಮೇಲೆ ಹೊಡೆದದ್ದು ಅಂತ ಆ ಇನ್ನೊಬ್ಬರು ಅದಕ್ಕೇ ಮುಖ ಸಿಂಡರಿಸಿದ್ದರು! ಅದೇ ಮರದ ತುದಿಯ ಅಡಿಭಾಗದಲ್ಲಿರುವ ನಂಬರಿಗೆ, ರೈಫಲ್ ಜೊತೆಗಿದ್ದು ಎರಡರ ನಂಬರೂ ತಾಳೆಯಾದರೆ ಮಾತ್ರ ಬೆಲೆ. ಹಾಗಂತ ಅಳಿಸಬಾರದು.

"ಉಜ್ಜಿದ್ರೆ ಮುದ್ರೆ ಹೋಯ್ತು, ಮುದ್ರೆ ಹೋದ್ರೆ ಇದು ಸೌದೆ ಮಾರಾಯ್ರೆ" ಅಂದರು. ಅಗಸೆ ಎಣ್ಣೆಯನ್ನು ಬಟ್ಟೆಗೆ ಸ್ವಲ್ಪವೇ ಹಚ್ಚಿ ಕೈಯಿಂದ ತಿಕ್ಕಿದರೆ ಸಾಕಂತೆ, ವಾರ್ನಿಶ್ ಬೇಡವೇ ಬೇಡ.

ಕೊನೆಗೆ ಹೇಳಿದ ಬೆಲೆ, ಸಂಗ್ರಹ ಮಾಡುವವರಿಗೆ ಕೊಟ್ಟರೆ 4,000ದಿಂದ 5,000. ಅವರೇ ತಗೊಂಡರೆ 3,000, ಗಿರಾಕಿ ಬರುವ ತನಕ ಇಟ್ಟುಕೊಳ್ಳಬೇಕಲ್ಲ ಅಂತ ಕಾರಣವನ್ನೂ ಬಾಯಿಬಿಟ್ಟು ಹೇಳಿದರು. ನಾನು ಫೋನಿನಲ್ಲಿ ಅಮೆರಿಕದ ರೇಟು ತೋರಿಸಿದೆ. ಅದು ಮಾರುವವರು ಕೇಳುವ ಬೆಲೆ, ಮಾರಿಹೋದ ಬೆಲೆ ಎಷ್ಟು ನೋಡಿ ಅಂದರು. ಅಲ್ಲಿ ರೈಫಲ್ ಇಟ್ಟುಕೊಂಡವರು ಜಾಸ್ತಿ, ಹಾಳಾದ ಮರ ಬದಲಿಸಲು ಕೊಳ್ಳುತ್ತಾರೆ. ಇಲ್ಲಿ ಇದನ್ನು ಗೋಡೆಯಲ್ಲಿ ಇಡುವವನು ಮಾತ್ರ ಗಿರಾಕಿ. ಈ ಒಂದು ಮಾತಿನಿಂದ ಬೆಲೆಯ ಲೆಕ್ಕ ನನಗೆ ಸ್ಪಷ್ಟವಾಯಿತು.

ಬೇಸರ ಒಂದೇ, ಬೆಲೆಯನ್ನು ಬರೆದು ಕೊಡುವುದಿಲ್ಲ. ಅಣ್ಣತಮ್ಮಂದಿರ ಪಾಲಿನ ವಿಷಯ ಇದ್ದವರಿಗೆ ಇದು ದೊಡ್ಡ ತೊಂದರೆ, ಚೀಟಿ ಕೊಟ್ಟರೆ ಐನೂರು ಫೀಸು ಕೊಡಲೂ ನಾನು ತಯಾರಿದ್ದೆ. ಮಧ್ಯಾಹ್ನ ಊಟಕ್ಕೆ ಬಾಗಿಲು ಹಾಕುತ್ತಾರೆ, ಬೆಳಿಗ್ಗೆಯೇ ಹೋಗಿ. ವಸ್ತುವನ್ನು ತೊಳೆಯದೆ, ಉಜ್ಜದೆ, ಧೂಳಿದ್ದರೆ ಧೂಳಿನ ಸಮೇತ ತಗೊಂಡು ಹೋಗಿ.