ವಿ-ಕ್ರಾಸಾ, ಹೈಲಕ್ಸಾ? ತೋಟದ ಏರು ಹತ್ತಿಸಿ ನೋಡಿ ಬರೆದದ್ದು

ಪಿಕಪ್ ತಗೊಂಡೆ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: "ಎಷ್ಟು ಪವರ್?" ಕೆಸರಿನ ದಾರಿ ಹತ್ತುವವರಿಗೆ, ಹಿಂದೆ ಭಾರ ಕಟ್ಟಿಕೊಂಡು ಎಳೆಯುವವರಿಗೆ ಆ ಪ್ರಶ್ನೆ ಆಮೇಲೆ ಬಂದರೂ ಸಾಕು. ಗಾಡಿ ಎಷ್ಟು ನಿಧಾನಕ್ಕೆ ಹೋಗಬಲ್ಲದು, ಆ ನಿಧಾನದಲ್ಲೂ ನಮ್ಮ ಹಿಡಿತದಲ್ಲಿ ಇರುತ್ತದಾ ಅನ್ನುವುದನ್ನು ಮೊದಲು ನೋಡಬೇಕು. ನಾನು ಇಸುಜು ವಿ-ಕ್ರಾಸ್, ಟೊಯೋಟಾ ಹೈಲಕ್ಸ್ ಎರಡನ್ನೂ ಇದೇ ಲೆಕ್ಕದಲ್ಲಿ ನೋಡಿದೆ. ಕೊನೆಗೆ ತಗೊಂಡದ್ದು ಹೈಲಕ್ಸ್ ಆಟೋಮ್ಯಾಟಿಕ್. ವಿ-ಕ್ರಾಸ್ ಕೂಡ ಒಳ್ಳೇ ಗಾಡಿಯೇ. ಅದು ಯಾರಿಗೆ ಸರಿ ಅಂತಲೂ ಹೇಳುತ್ತೇನೆ.

ನನ್ನ ಅಗತ್ಯ ಏನು ಅಂತ ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಈ ರಿವ್ಯೂಗೆ ಅರ್ಥ ಇಲ್ಲ. ಮನೆ ಇರುವುದು ಬೆಂಗಳೂರಿನ ವಿಜಯನಗರದಲ್ಲಿ. ಸಕಲೇಶಪುರದಿಂದ ಆಚೆ, ಹೆತ್ತೂರು ಕಡೆ, ನಮ್ಮ ಚಿಕ್ಕಪ್ಪನ ಜೊತೆ ಪಾಲಿರುವ ರೋಬಸ್ಟಾ ಕಾಫಿ ತೋಟ. ಡಾಂಬರು ರಸ್ತೆ ಬಿಟ್ಟ ಮೇಲೆ ತೋಟದ ಮನೆಗೆ ಕೆಂಪು ಜೇಡಿಯ ಏರು, ನಡುವೆ ಒಂದು ಹಳ್ಳ. ಫೆಬ್ರವರಿ, ಮಾರ್ಚ್ ಬಂತು ಅಂದರೆ ಕಾಫಿ ಹೂ ಅರಳಿಸುವ ಹೂಮಳೆಗೆ ಕಾಯುವುದು. ಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಹಾಕಲೇಬೇಕು. ಆಗ ಚಕ್ರದ ಮೇಲೆ ಕೂರಿಸಿದ ಡೀಸೆಲ್ ಪಂಪ್‌ಸೆಟ್ಟನ್ನು ಕೆರೆ ಹತ್ತಿರದಿಂದ ಹಳ್ಳದ ಹತ್ತಿರಕ್ಕೆ, ಅಲ್ಲಿಂದ ಮೇಲಿನ ಗುಂಡಿಗೆ ಎಳೆಯುತ್ತಲೇ ಇರಬೇಕು. ಅಲ್ಯೂಮಿನಿಯಂ ಪೈಪುಗಳೂ ಸೇರಿದರೆ ಸುಮಾರು 600 ಕೆಜಿ ಭಾರ. ಹೂವಿಗೆ ನೀರು ಕೊಟ್ಟು ಎರಡು ಮೂರು ವಾರಕ್ಕೆ ಬ್ಯಾಕಿಂಗ್ ಅಂತ ಇನ್ನೊಂದು ಸಲ ನೀರು ಕೊಡಬೇಕು, ಮತ್ತದೇ ಎಳೆದಾಟ. ಬಾಡಿಗೆ ಟ್ರ್ಯಾಕ್ಟರು ಆ ದಿನಗಳಲ್ಲೇ ಸಿಗುವುದಿಲ್ಲ. ಎಲ್ಲರಿಗೂ ಒಟ್ಟಿಗೇ ಬೇಕಲ್ವಾ!

ಹಾಗಾಗಿ ಬೆಂಗಳೂರಲ್ಲಿ ಮನೆ ಗಾಡಿಯೂ ಆಗಬೇಕು, ತೋಟದಲ್ಲಿ ಎಳೆಯಲೂ ಬೇಕು. ಬರೀ ಗೂಡ್ಸ್ ಗಾಡಿಗಳನ್ನು ಬಿಟ್ಟರೆ, ನಾಲ್ಕು ಬಾಗಿಲು, ಐದು ಸೀಟು, ಫೋರ್ ಬೈ ಫೋರ್ (ನಾಲ್ಕೂ ಚಕ್ರಕ್ಕೆ ಇಂಜಿನ್ ಬಲ) ಇರುವ ಪಿಕಪ್ ಅಂತ ನಾನು ಗಂಭೀರವಾಗಿ ನೋಡಿದ್ದು ಇವೆರಡೇ. ಟಾಟಾ ಕ್ಸೆನಾನ್, ಮಹೀಂದ್ರ ಸ್ಕಾರ್ಪಿಯೋ ಗೆಟ್‌ಅವೇ ಇದ್ದವು, ನಿಂತುಹೋದವು. ವಿ-ಕ್ರಾಸ್ 2016ರಲ್ಲಿ ಬಂತು, ಆಂಧ್ರದ ಶ್ರೀ ಸಿಟಿಯಲ್ಲಿ ತಯಾರಾಗುತ್ತದೆ. ಹೈಲಕ್ಸ್ ಹೊರದೇಶಗಳಲ್ಲಿ 1968ರಿಂದ ಇದೆ, ಇಲ್ಲಿಗೆ ಬಂದದ್ದು 2022ರಲ್ಲಿ. ಜೋಡಣೆ ನಮ್ಮ ಬಿಡದಿಯಲ್ಲೇ.

ಟೆಸ್ಟ್ ಡ್ರೈವ್ ಬಗ್ಗೆ ಒಂದು ಮಾತು ಹೇಳಲೇಬೇಕು. ನಗರದ ಒಂದು ಷೋರೂಮಿನಲ್ಲಿ ನನ್ನನ್ನು ರಿಂಗ್ ರೋಡಿನಲ್ಲಿ ಒಂದು ಸುತ್ತು ಹಾಕಿಸಿ, "ಫೋರ್ ಬೈ ಫೋರ್ ನಾಬ್ ಮುಟ್ಟಬೇಡಿ ಮೇಡಂ" ಅಂದರು. ಅದು ನನಗೆ ತುಂಬಾ ಬೇಸರ ತಂದಿತು. ಮೂವತ್ತು ಲಕ್ಷದ ಆಸುಪಾಸಿನ ಗಾಡಿ, ಅದನ್ನು ಯಾವುದಕ್ಕೆ ಕೊಳ್ಳುತ್ತೇವೋ ಅದನ್ನೇ ನೋಡಬಾರದು ಅಂದರೆ ಹೇಗೆ? ನೀವು ಹೋದಾಗ ಮೊದಲೇ ಫೋನ್ ಮಾಡಿ, ಕಚ್ಚಾ ದಾರಿಯಲ್ಲಿ ಓಡಿಸಲು ಬಿಡುತ್ತೀರಾ ಅಂತ ಕೇಳಿ. ಬೇರೆ ಷೋರೂಮಿನವರು ಮಾಗಡಿ ರಸ್ತೆ ಆಚೆ ಒಂದು ಲೇಔಟಿನ ಮಣ್ಣು ದಾರಿಗೆ ಕರೆದುಕೊಂಡು ಹೋದರು. ವಿ-ಕ್ರಾಸನ್ನು ನಾನು ಸರಿಯಾಗಿ ನೋಡಿದ್ದು ತೋಟದಲ್ಲೇ. ಪಕ್ಕದ ತೋಟದವರ ಹತ್ತಿರ ಇದೆ, ಪಾಪ, ಕೀ ಕೊಟ್ಟು "ಹೊಡೀರಿ, ಏನೂ ಆಗಲ್ಲ" ಅಂದರು.

ಈಗ ಇಂಜಿನ್. ವಿ-ಕ್ರಾಸಿನದು 1.9 ಲೀಟರ್ ಡೀಸೆಲ್, 163 ಪಿಎಸ್, 360 ಎನ್‌ಎಂ ಟಾರ್ಕ್ (ತಿರುಗಿಸುವ ಬಲ). ಹೈಲಕ್ಸಿನದು 2.8 ಲೀಟರ್, 204 ಪಿಎಸ್. ಅದರ ಮ್ಯಾನ್ಯುಯಲ್‌ನಲ್ಲಿ ಟಾರ್ಕ್ 420, ಆಟೋಮ್ಯಾಟಿಕ್‌ನಲ್ಲಿ 500 ಎನ್‌ಎಂ. ಹೆದ್ದಾರಿಯಲ್ಲಿ ಖಾಲಿ ಓಡಿಸಿದರೆ ಎರಡೂ ಬೇಕಾದಷ್ಟು ಚುರುಕು. ವ್ಯತ್ಯಾಸ ಗೊತ್ತಾಗುವುದು ಭಾರ ಕಟ್ಟಿಕೊಂಡು ಏರಿನ ನಡುವೆ ನಿಲ್ಲಿಸಿ ಮತ್ತೆ ಹೊರಟಾಗ. ಸಣ್ಣ ಇಂಜಿನ್ನಿಗೆ ಟರ್ಬೋ ಉಸಿರು ತುಂಬುವವರೆಗೆ ಆರ್‌ಪಿಎಂ ಏರಿಸಬೇಕು. ಏರಿಸಿದರೆ ಜೇಡಿಯಲ್ಲಿ ಚಕ್ರ ಸುತ್ತುತ್ತದೆ. ದೊಡ್ಡ ಇಂಜಿನ್ ಕೆಳಗಿನ ಆರ್‌ಪಿಎಂನಲ್ಲೇ ದಬ್ಬುತ್ತದೆ.

ಆಟೋಮ್ಯಾಟಿಕ್ ಯಾಕೆ ಅಂತ ನಮ್ಮ ತಮ್ಮ ಜಗಳಕ್ಕೇ ಬಂದ. "ಆಫ್‌ರೋಡ್ ಅಂದ್ರೆ ಮ್ಯಾನ್ಯುಯಲ್ಲೇ ಅಕ್ಕಾ" ಅಂತ ಅವನ ವಾದ. ಏರಿನಲ್ಲಿ 600 ಕೆಜಿ ಹಿಂದೆ ಇಟ್ಟುಕೊಂಡು ಹಾಫ್ ಕ್ಲಚ್‌ನಲ್ಲಿ ನಿಂತು ನೋಡಿ. ಸ್ವಲ್ಪ ಹೊತ್ತಿಗೇ ಕ್ಲಚ್ ಸುಟ್ಟ ವಾಸನೆ ಮೂಗಿಗೆ ಹೊಡೆಯುತ್ತದೆ. ಆಟೋಮ್ಯಾಟಿಕ್‌ನಲ್ಲಿ ಟಾರ್ಕ್ ಕನ್ವರ್ಟರ್ ಇರುತ್ತದೆ. ಜಾರುವುದೆಲ್ಲ ಎಣ್ಣೆಯಲ್ಲೇ, ಸವೆಯಲು ಅಲ್ಲಿ ಕ್ಲಚ್ ಪ್ಲೇಟ್ ಇಲ್ಲ. ಒಂದು ಕಾಲು ಬ್ರೇಕಿನ ಮೇಲೆ, ಎರಡು ಕೈ ಸ್ಟೀರಿಂಗಿನ ಮೇಲೆ, ಇಂಚಿಂಚಾಗಿ ಹೋಗಬಹುದು. ಇಳಿಯುವಾಗ ಮಾತ್ರ ಗೇರನ್ನು ಕೈಯಲ್ಲೇ ಒಂದಕ್ಕೆ ಇಳಿಸಿ ಹಿಡಿದಿಡಬೇಕು, ಬ್ರೇಕನ್ನೇ ನಂಬಿ ಕೂರಬಾರದು.

ನಮ್ಮ ದಾರಿಯಲ್ಲಿ ಒಂದು ತಿರುವು ಇದೆ. ಹಲಸಿನ ಮರದ ಬುಡದಲ್ಲಿ ಎಡಕ್ಕೆ ತಿರುಗಬೇಕು, ಏರು ಶುರುವಾಗುವುದೂ ಅಲ್ಲೇ, ಮಳೆನೀರು ಹರಿದು ಬಲಗಡೆ ಮೊಣಕಾಲುದ್ದ ಕೊರಕಲು ಬಿದ್ದಿರುವುದೂ ಅಲ್ಲೇ. ಟ್ರ್ಯಾಕ್ಟರಿನವರೂ ಅಲ್ಲಿ ಒಮ್ಮೆ ನಿಂತು ನೋಡಿಯೇ ಹತ್ತಿಸುತ್ತಾರೆ. ಪಂಪ್‌ಸೆಟ್ ಕಟ್ಟಿಕೊಂಡು ನಾನು ಅಲ್ಲಿಗೆ ಹೋದಾಗ ತೋಟದ ರೈಟರು (ಕೆಲಸ, ಲೆಕ್ಕ ನೋಡಿಕೊಳ್ಳುವವರು) ಮುಂದೆ ನಿಂತಿದ್ದರು. ಗಾಡಿ ನಿಲ್ಲಿಸಿ, ನ್ಯೂಟ್ರಲ್‌ಗೆ ಹಾಕಿ, ನಾಬ್ ತಿರುಗಿಸಿ ಫೋರ್ ಬೈ ಫೋರಿನ ಲೋ ರೇಂಜ್ ಆದ 4ಎಲ್‌ಗೆ ತಂದೆ. ಕೆಳಗೆ ಟಕ್ ಅಂತ ಒಂದು ಸದ್ದು. ಲೋ ರೇಂಜಿನಲ್ಲಿ ಚಕ್ರದ ವೇಗ ಎರಡೂವರೆ ಪಟ್ಟು ಇಳಿಯುತ್ತದೆ, ಎಳೆಯುವ ಶಕ್ತಿ ಅಷ್ಟೇ ಏರುತ್ತದೆ. ತಿರುವಿನಲ್ಲಿ ಮುಂದಿನ ಬಲ ಚಕ್ರ ಕೊರಕಲಿಗೆ ಇಳಿಯಿತು, ಹಿಂದಿನ ಎಡ ಚಕ್ರ ಮೇಲೆದ್ದು ಸುಮ್ನೆ ಸುತ್ತತೊಡಗಿತು. ಗಾಡಿ ನಿಂತಿತು.

ತಿರುವಿನಲ್ಲಿ ಎಡ ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರಿನ ಜೋಡಣೆಗೆ ಡಿಫರೆನ್ಷಿಯಲ್ ಅನ್ನುತ್ತಾರೆ. ಅದರ ಗುಣವೇ ಹೀಗೆ. ಯಾವ ಚಕ್ರಕ್ಕೆ ಹಿಡಿತ ಇಲ್ಲವೋ ಅದು ಸುತ್ತುತ್ತದೆ, ಹಿಡಿತ ಇರುವ ಚಕ್ರಕ್ಕೆ ಬಲ ಸಿಗದೆ ಅದು ತೆಪ್ಪಗಿರುತ್ತದೆ. ಹೈಲಕ್ಸಿನಲ್ಲಿ ಇದಕ್ಕೆ ಹಿಂದಿನ ಡಿಫ್ ಲಾಕ್ ಬಟನ್ ಇದೆ. ಒತ್ತಿದೆ. ಮೀಟರಿನಲ್ಲಿ ಕಿತ್ತಳೆ ದೀಪ ಮಿನುಗಿತು. ಅದು ಮಿನುಗುತ್ತಿರುವಷ್ಟು ಹೊತ್ತು ಲಾಕ್ ಕೂತಿಲ್ಲ ಅಂತ ಅರ್ಥ, ಆಕ್ಸಿಲರೇಟರ್ ಒತ್ತಬಾರದು. ಸ್ಟೀರಿಂಗನ್ನು ಕೂದಲೆಳೆಯಷ್ಟು ಅತ್ತಿತ್ತ ಮಾಡಿ ಗಾಡಿಯನ್ನು ಸ್ವಲ್ಪ ಹಿಂದಕ್ಕೆ ಬಿಟ್ಟೆ, ದೀಪ ಸ್ಥಿರವಾಯಿತು. ಆಮೇಲೆ ಪಾದದ ತುದಿಯಲ್ಲಿ ಒತ್ತಿದ್ದಷ್ಟೇ. ಎರಡು ಹಿಂದಿನ ಚಕ್ರಗಳೂ ಒಟ್ಟಿಗೆ ತಿರುಗಿ, ನೆಲದ ಮೇಲಿದ್ದ ಚಕ್ರ ಮಣ್ಣು ಕಚ್ಚಿ, ಗಾಡಿಯೂ ಪಂಪ್‌ಸೆಟ್ಟೂ ನಡೆಯುವ ವೇಗದಲ್ಲಿ ಮೇಲೆ ಬಂದವು. ರೈಟರು "ಅಮ್ಮಾ, ಟ್ರ್ಯಾಕ್ಟರ್ ಬೇಡ ಬಿಡಿ ಇನ್ನು" ಅಂದರು. ದಾರಿ ನೇರವಾದ ಕೂಡಲೇ ಲಾಕ್ ತೆಗೆಯಬೇಕು. ಲಾಕ್ ಇದ್ದರೆ ಗಾಡಿ ತಿರುಗಲು ಒಪ್ಪುವುದಿಲ್ಲ, ಮುಂದಕ್ಕೇ ಜಗ್ಗುತ್ತದೆ.

ಇನ್ನೊಂದು ವಿಷಯ, ತುಂಬಾ ಜನ ತಪ್ಪು ತಿಳಿದಿರುತ್ತಾರೆ. ಎರಡೂ ಗಾಡಿಗಳಲ್ಲಿರುವುದು ಪಾರ್ಟ್ ಟೈಮ್ ಫೋರ್ ಬೈ ಫೋರ್, ಅಂದರೆ ಬೇಕಾದಾಗ ಮಾತ್ರ ಹಾಕಿಕೊಳ್ಳುವಂಥದ್ದು. ಮುಂದಿನ, ಹಿಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಸೆಂಟರ್ ಡಿಫರೆನ್ಷಿಯಲ್ ನಡುವೆ ಇಲ್ಲ. ಒಣ ಡಾಂಬರಿನಲ್ಲಿ 4ಎಚ್ (ಮಾಮೂಲಿ ವೇಗದ ಫೋರ್ ಬೈ ಫೋರ್) ಹಾಕಿ ತಿರುಗಿಸಿದರೆ ಮುಂದಿನ ಚಕ್ರಗಳು ಹೆಚ್ಚು ದೂರ ಹೋಗಬೇಕು, ಹಿಂದಿನವು ಕಡಿಮೆ. ಎರಡು ಶಾಫ್ಟುಗಳು ಒಂದನ್ನೊಂದು ತಿರುಚಿಕೊಂಡು ಬಿಗಿಯುತ್ತವೆ, ಗೇರ್ ಬಾಕ್ಸಿಗೆ ಪೆಟ್ಟು. ಕೆಸರು, ಮರಳು, ಸಡಿಲ ಮಣ್ಣಿನಲ್ಲಿ ಚಕ್ರ ಸ್ವಲ್ಪ ಜಾರಿ ಆ ಬಿಗಿತ ಬಿಡುತ್ತದೆ. ಅದಕ್ಕೇ ಮಳೆ ಬಂತು ಅಂತ ನೈಸ್ ರೋಡಿನಲ್ಲಿ 4ಎಚ್ ಹಾಕಿಕೊಂಡು ಹೋಗಬೇಡಿ.

ಎಳೆಯುವ ವಿಷಯಕ್ಕೆ ಬಂದರೆ, ಆನ್‌ಲೈನಿನಲ್ಲಿ "3500 ಕೆಜಿ ಎಳೆಯುತ್ತದೆ" ಅನ್ನುವ ವಿಡಿಯೋಗಳು ಜಾಸ್ತಿ. ಅದು ಹೊರದೇಶದ ಲೆಕ್ಕ. ಅಲ್ಲಿನ ಹಿಚ್ (ಟ್ರೇಲರ್ ಸಿಕ್ಕಿಸುವ ಕೊಂಡಿ), ಅಲ್ಲಿನ ನಿಯಮ, ಮುಖ್ಯವಾಗಿ ಅಲ್ಲಿನ ಟ್ರೇಲರಿಗೆ ಅದರದೇ ಬ್ರೇಕ್ ಇರುತ್ತದೆ. ಯುರೋಪಿನಲ್ಲಿ, ಆಸ್ಟ್ರೇಲಿಯಾದಲ್ಲಿ ಬ್ರೇಕ್ ಇಲ್ಲದ ಟ್ರೇಲರಿಗೆ ಮಿತಿ 750 ಕೆಜಿ. ನಾನು ಆ 750 ಅನ್ನೇ ಗೆರೆ ಅಂತ ಇಟ್ಟುಕೊಂಡಿದ್ದೇನೆ. ನಮ್ಮ ಪಂಪ್‌ಸೆಟ್ಟಿಗೆ ಬ್ರೇಕ್ ಇಲ್ಲ, ಅದಕ್ಕಿಂತ ಜಾಸ್ತಿ ಕಟ್ಟುವುದಿಲ್ಲ. ಅದೂ ತೋಟದ ಒಳಗೆ ಮಾತ್ರ. ರಸ್ತೆಗೆ ತರುವ ಟ್ರೇಲರಿಗೆ ಆರ್‌ಟಿಒ ನೋಂದಣಿ ಬೇಕು, ದೀಪ ಬೇಕು.

ಪಂಪ್‌ಸೆಟ್ಟಿಗೆ ಮೊದಲು ಟ್ರ್ಯಾಕ್ಟರಿನ ಬಳೆ ಇತ್ತು, ಪಿನ್ ಹಾಕಿ ಸಿಕ್ಕಿಸುವಂಥದ್ದು. ಟ್ರ್ಯಾಕ್ಟರಿಗೆ ಅದು ಸರಿ. ಪಿಕಪ್ಪಿಗೆ ಕಟ್ಟಿದರೆ ಬಳೆಗೂ ಪಿನ್ನಿಗೂ ನಡುವಿನ ಸಡಿಲದಿಂದ ಪ್ರತಿ ಗುಂಡಿಗೂ ಧಡ್ ಧಡ್ ಅಂತ ಚಾಸಿಗೆ ಹೊಡೆತ. ಜೆ.ಸಿ. ರೋಡಿನಲ್ಲಿ ಚಾಸಿಗೆ ಬೋಲ್ಟ್ ಆಗುವ ಹಿಚ್ ಹುಡುಕಿ, 50 ಎಂಎಂ ಬಾಲ್ ಹಾಕಿಸಿದೆ. ಪೀಣ್ಯದ ಒಂದು ಫ್ಯಾಬ್ರಿಕೇಷನ್ ಶಾಪಿನಲ್ಲಿ ಬಳೆ ಕತ್ತರಿಸಿ, ಆ ಬಾಲನ್ನು ಮೇಲಿಂದ ಹಿಡಿದುಕೊಳ್ಳುವ ಬಾಲ್ ಕಪ್ಲರ್ ಕೂರಿಸಿಕೊಟ್ಟರು. ಬಂಪರಿಗೆ ಮಾತ್ರ ಕಚ್ಚಿಸುವ ಹಿಚ್ ಕೊಟ್ಟರೆ ಬೇಡ ಅನ್ನಿ, ಅದು ಅಲಂಕಾರಕ್ಕೆ ಅಷ್ಟೇ. ಎರಡು ಸೇಫ್ಟಿ ಚೈನುಗಳನ್ನು ಕತ್ತರಿಯ ಹಾಗೆ ಅಡ್ಡಡ್ಡ ಹಾಕಬೇಕು, ಕಪ್ಲರ್ ಕಳಚಿದರೆ ಮೂತಿ ನೆಲಕ್ಕೆ ಬೀಳದೆ ಚೈನಿನ ಮೇಲೆ ಕೂರುತ್ತದೆ. ಟ್ರೇಲರಿನ ಒಟ್ಟು ಭಾರದಲ್ಲಿ ನೂರಕ್ಕೆ ಹತ್ತರಷ್ಟು ಬಾಲ್ ಮೇಲೆ ಇರಬೇಕು. ಭಾರವೆಲ್ಲ ಆಕ್ಸಲಿನ ಹಿಂದೆ ಹೋದರೆ ವೇಗದಲ್ಲಿ ಟ್ರೇಲರ್ ಬಾಲ ಬೀಸತೊಡಗುತ್ತದೆ, ಆಮೇಲೆ ಹಿಡಿಯುವುದು ಕಷ್ಟ. ಅದಕ್ಕೆ ನಾವು ಡೀಸೆಲ್ ಕ್ಯಾನುಗಳನ್ನು, ಫುಟ್‌ವಾಲ್ವನ್ನು ಮುಂದಕ್ಕೆ ಕಟ್ಟುತ್ತೇವೆ.

ಬುಲ್ ಬಾರ್ (ಬಂಪರಿನ ಮುಂದೆ ಕೂರಿಸುವ ಕಂಬಿ) ಹಾಕಿಕೊಡುತ್ತೇವೆ ಅಂತ ಜೆ.ಸಿ. ರೋಡಿನ ಅಂಗಡಿಯವರು ದುಂಬಾಲು ಬೀಳುತ್ತಾರೆ. 2017ರಲ್ಲೇ ಕೇಂದ್ರ ಸಾರಿಗೆ ಇಲಾಖೆ ಅದು ಕಾನೂನುಬಾಹಿರ ಅಂತ ರಾಜ್ಯಗಳಿಗೆ ಬರೆದಿದೆ. ಗುದ್ದಿದಾಗ ಏರ್‌ಬ್ಯಾಗಿನ ಲೆಕ್ಕವನ್ನೂ ಕೆಡಿಸುತ್ತದೆ. ಬೇಡವೇ ಬೇಡ.

ಬೆಂಗಳೂರಿನ ಬದುಕು ಇದರ ಜೊತೆ ಸುಲಭ ಅಂತ ನಾನು ಹೇಳುವುದಿಲ್ಲ. ಹೈಲಕ್ಸಿನ ಉದ್ದ 5.3 ಮೀಟರಿಗೂ ಜಾಸ್ತಿ, ಅಂದರೆ ಹದಿನೇಳೂವರೆ ಅಡಿ ಹತ್ತಿರ. ವಿ-ಕ್ರಾಸೂ ಹೆಚ್ಚುಕಡಿಮೆ ಅಷ್ಟೇ. ಬುಕ್ ಮಾಡುವ ಮುಂಚೆ ಟೇಪು ಹಿಡಿದು ನಿಮ್ಮ ಗೇಟಿನಿಂದ ಗೋಡೆವರೆಗೆ ಅಳೆಯಿರಿ. ನಮ್ಮ ಮನೆಯಲ್ಲಿ ಹಿತ್ತಿಲ ಕಡೆಯ ವಾಷಿಂಗ್ ಕಲ್ಲು ತೆಗೆಸಿದ ಮೇಲೆಯೇ ಗೇಟು ಮುಚ್ಚಿದ್ದು. ಕಾರ್ಡ್ ರೋಡಿನಲ್ಲಿ ಒಂದೇ ಏಟಿಗೆ ಯು ಟರ್ನ್ ಆಗುವುದಿಲ್ಲ. ಗಾಂಧಿ ಬಜಾರಿಗೆ ನಾನು ಮೆಟ್ರೋದಲ್ಲೇ ಹೋಗುತ್ತೇನೆ. ಹಿಂದೆ ಲಾರಿಯ ಹಾಗೆ ಲೀಫ್ ಸ್ಪ್ರಿಂಗ್ ಇರುವುದರಿಂದ ಖಾಲಿ ಇದ್ದಾಗ ಹಂಪ್ ಮೇಲೆ ಹಿಂದಿನ ಸೀಟಿನವರು ಎಗರುತ್ತಾರೆ. ಅಮ್ಮ ಬರುವ ದಿನ ಹಿಂದೆ ಸಾಮಾನು ಹಾಕುವ ಬೆಡ್‌ನಲ್ಲಿ ಎರಡು ಮೂರು ಗೊಬ್ಬರದ ಮೂಟೆ ಹಾಕಿಕೊಂಡರೆ ಹಿತವಾಗಿ ಹೋಗುತ್ತದೆ. ಪಿಕಪ್ ಅಂದರೆ ಇದು ಇದ್ದದ್ದೇ, ಯಾವ ಕಂಪನಿಯದಾದರೂ. ತೆರಿಗೆಯನ್ನೂ ಲೆಕ್ಕ ಹಾಕಿ. 20 ಲಕ್ಷ ದಾಟಿದ ಖಾಸಗಿ ಗಾಡಿಗೆ ಕರ್ನಾಟಕದಲ್ಲಿ ಲೈಫ್ ಟ್ಯಾಕ್ಸ್ ಶೇ. 18, ಅದರ ಮೇಲೆ ಸೆಸ್.

ಇನ್ನು ವಿ-ಕ್ರಾಸ್ ಯಾರಿಗೆ? ಭಾರ ಎಳೆಯುವ ಕೆಲಸ ಇಲ್ಲ, ವಾರದ ಕೊನೆಗೆ ದೇವರಾಯನದುರ್ಗ, ಸಕಲೇಶಪುರ ಕಡೆ ಹೋಗಬೇಕು, ಟೆಂಟು ಸೈಕಲ್ಲು ಹಿಂದೆ ಹಾಕಬೇಕು ಅನ್ನುವವರು ಕಣ್ಣು ಮುಚ್ಚಿ ಅದನ್ನೇ ತಗೊಳ್ಳಿ. ಬೆಲೆಯಲ್ಲಿ ಲಕ್ಷಗಳ ಲೆಕ್ಕದಲ್ಲಿ ಉಳಿಯುತ್ತದೆ, ಅದರಲ್ಲೂ ಲೋ ರೇಂಜ್ ಇದೆ, ಸೀಟು ಆರಾಮವಾಗಿದೆ. ಉಳಿದ ದುಡ್ಡಿನಲ್ಲಿ ಒಳ್ಳೇ ಟೈರು, ಒಂದು ಎಳೆಯುವ ಬೆಲ್ಟು, ಎರಡು ಶ್ಯಾಕಲ್, ಒಂದು ಏರ್ ಕಂಪ್ರೆಸರ್ ತಗೊಳ್ಳಿ. ಒಂಟಿ ಗಾಡಿಯಲ್ಲಿ ಹೋಗಬೇಡಿ, ಮೀಸಲು ಅರಣ್ಯದೊಳಗೆ ಅನುಮತಿ ಇಲ್ಲದೆ ಚಕ್ರ ಇಡಬೇಡಿ. ನಾಲ್ಕು ಜನ ಹೀಗೆ ನುಗ್ಗಿದ್ದಕ್ಕೇ ಊರಿನವರು ದಾರಿಗೆ ಕಲ್ಲು ಅಡ್ಡ ಇಟ್ಟಿರುವುದನ್ನು ನಮ್ಮ ಕಡೆ ಕಣ್ಣಾರೆ ನೋಡಿದ್ದೇನೆ.

ಟೈರಿನ ವಿಷಯ ಒಂದು ಬಾಕಿ ಇದೆ. ನನ್ನ ಗಾಡಿಯಲ್ಲಿ ಈಗ ಇರುವುದು ಕಂಪನಿ ಕೊಟ್ಟ ಹೆದ್ದಾರಿ ಟೈರುಗಳೇ, 265/60 ಆರ್18. ಬೇಸಿಗೆಯ ಒಣ ಮಣ್ಣಿಗೆ ಸಾಕು. ಏರಿನ ಬುಡದಲ್ಲಿ ಗಾಳಿಯನ್ನು 20 ಪಿಎಸ್‌ಐ ಹತ್ತಿರಕ್ಕೆ ಇಳಿಸಿದರೆ ಟೈರು ಅಗಲಕ್ಕೆ ಹರಡಿ ಹಿಡಿತ ಎಷ್ಟೋ ಹೆಚ್ಚುತ್ತದೆ. ಡಾಂಬರಿಗೆ ಹತ್ತುವ ಮೊದಲು ಮರೆಯದೆ ತುಂಬಿಸಬೇಕು. ಮಳೆಗಾಲದ ಜೇಡಿಗೆ ಮಾತ್ರ ಇವು ಆಗುವುದಿಲ್ಲ, ಗೀರುಗಳಲ್ಲಿ ಮಣ್ಣು ತುಂಬಿ ಬೋಳು ಟೈರಿನಂತೆ ಜಾರುತ್ತವೆ. ಮುಂಗಾರಿಗೆ ಮುಂಚೆ ಅದೇ ಅಳತೆಯಲ್ಲಿ ಎಟಿ (ಆಲ್ ಟೆರೇನ್, ರಸ್ತೆಗೂ ಮಣ್ಣಿಗೂ ಆಗುವ) ಟೈರು ಹಾಕಿಸುತ್ತಿದ್ದೇನೆ. ಎಂಟಿ (ಮಡ್ ಟೆರೇನ್, ಕೆಸರಿಗೆಂದೇ ಮಾಡಿದ ಟೈರು) ಬೇಡ ಅಂತ ನಿರ್ಧಾರ, ಬೆಂಗಳೂರಿನಿಂದ ತೋಟಕ್ಕೆ ಸುಮಾರು 250 ಕಿಮೀ, ಅಷ್ಟೂ ದೂರ ಅದರ ಗುಂಯ್ ಸದ್ದು ಕೇಳಬೇಕು, ಒದ್ದೆ ಡಾಂಬರಿನಲ್ಲಿ ಬ್ರೇಕೂ ಕಡಿಮೆ. ಜುಲೈ ಮಳೆಯಲ್ಲಿ ಹಲಸಿನ ಮರದ ತಿರುವು ಹತ್ತಿಸಿದ ಮೇಲೆ ಎಟಿ ಟೈರು ಹೇಗಿದೆ ಅಂತ ಇಲ್ಲೇ ಸೇರಿಸುತ್ತೇನೆ.