ಎಂಟು ವಾರದ ಆರೋಗ್ಯ ಸಂಶೋಧನಾ ತರಬೇತಿ: ಕಲಿಕೆ ಗಟ್ಟಿ, ದುಡ್ಡಿನ ವ್ಯವಸ್ಥೆ ಸಡಿಲ

ಉಡುಪಿ, ಮಂಗಳೂರು ಕಡೆಯ ಪದವಿ ವಿದ್ಯಾರ್ಥಿಗಳಿಗಾಗಿ ಬೇಸಿಗೆ ರಜೆಯಲ್ಲಿ ನಡೆಯುವ ಎಂಟು ವಾರದ ಆರೋಗ್ಯ ಸಂಶೋಧನಾ ತರಬೇತಿಯ ವಿಮರ್ಶೆ ಇದು. ಸಂಸ್ಥೆಯ ಹೆಸರು ಬೇಡ, ಇಲ್ಲಿ ಹೇಳಿದ್ದು ಇದೇ ಅಚ್ಚಿನ ಯಾವ ತರಬೇತಿಗೂ ಸಲ್ಲುತ್ತದೆ. ಪರಿಶಿಷ್ಟ ಜಾತಿ, ಪಂಗಡ, ಪ್ರವರ್ಗ 1, ಬೀಡಿ ಕಟ್ಟುವ ಮನೆ, ಮೀನುಗಾರರ ಮನೆ, ಮನೆತನದಲ್ಲೇ ಮೊದಲ ಬಾರಿ ಕಾಲೇಜು ಮೆಟ್ಟಿಲು ಹತ್ತಿದವರು, ಇವರಿಗೆ ಆದ್ಯತೆ. ಇಂಥದ್ದೊಂದು ಬೇಕೇ ಬೇಕಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 1979ರಿಂದ ನಡೆಸಿಕೊಂಡು ಬಂದ ಎಸ್‌ಟಿಎಸ್ ಎಂಬ ವಿದ್ಯಾರ್ಥಿಗಳ ಅಲ್ಪಾವಧಿ ಸಂಶೋಧನಾ ಯೋಜನೆ ಎಂಬಿಬಿಎಸ್, ಬಿಡಿಎಸ್ ಓದುವವರಿಗೆ ಮಾತ್ರ. ಸರ್ಕಾರಿ ಕಾಲೇಜಿನ ಬಿಎಸ್ಸಿ, ಬಿಎಸ್‌ಡಬ್ಲ್ಯೂ ಮಕ್ಕಳಿಗೆ ಆ ಬಾಗಿಲೇ ಇಲ್ಲ. ಒಟ್ಟಾರೆ 5ರಲ್ಲಿ 3.5 ಕೊಡಬಹುದು. ಉಳಿದ ಒಂದೂವರೆಯಲ್ಲಿ ಹೆಚ್ಚಿನದು ಕಳೆದುಹೋಗಿದ್ದು ಪಾಠದಲ್ಲಲ್ಲ, ಲೆಕ್ಕಪತ್ರದ ಕೋಣೆಯಲ್ಲಿ.

ಮೊದಲ ಎರಡು ವಾರ ತರಗತಿ. ಸಂಶೋಧನಾ ಪ್ರಶ್ನೆ ಕಟ್ಟುವುದು, ಪಬ್‌ಮೆಡ್ ಜಾಲತಾಣದಲ್ಲಿ ವೈದ್ಯಕೀಯ ಪ್ರಬಂಧ ಹುಡುಕುವುದು, ಜೊಟೆರೊ ತಂತ್ರಾಂಶದಲ್ಲಿ ಉಲ್ಲೇಖ ಜೋಡಿಸುವುದು. ಇದು ಎಲ್ಲ ಕಡೆ ಸಿಗುತ್ತದೆ. ಸಿಗದೇ ಇರುವುದು ಮೂರನೇ ವಾರದ ಅಳತೆಯ ಅಭ್ಯಾಸ. ರಕ್ತದೊತ್ತಡ ನೋಡುವುದನ್ನು ಮೂರು ದಿನ ತಿದ್ದಿಸುತ್ತಾರೆ: ಚಹಾ, ಬೀಡಿ ಮುಗಿದು 30 ನಿಮಿಷ ಆಗಿರಬೇಕು, 5 ನಿಮಿಷ ಸುಮ್ಮನೆ ಕೂತಿರಬೇಕು, ಬೆನ್ನಿಗೆ ಆಸರೆ, ಪಾದ ನೆಲಕ್ಕೆ, ತೋಳು ಎದೆಯ ಮಟ್ಟಕ್ಕೆ, ಒಂದು ನಿಮಿಷ ಬಿಟ್ಟು ಎರಡನೇ ಸಲ. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೆ ಒತ್ತಡ ಹೆಚ್ಚಿಗೆ ತೋರಿಸುತ್ತದೆ, ಆದ್ದರಿಂದ ಟೇಪು ಹಿಡಿದು ತೋಳು ಅಳೆದೇ ಪಟ್ಟಿ ಆರಿಸಬೇಕು. ಆಮೇಲೆ ಪ್ರತಿಯೊಬ್ಬರ ಪುಸ್ತಕ ತೆರೆದು ಕೊನೆಯ ಅಂಕಿ ಎಣಿಸುತ್ತಾರೆ. ಪಾದರಸದ ಉಪಕರಣದಲ್ಲಿ 120, 130, 140 ಎಂದು ಸೊನ್ನೆಯೇ ತುಂಬಿದ್ದರೆ ಕಣ್ಣಂದಾಜಿನಲ್ಲಿ ಬರೆದದ್ದೆಂದೇ ಅರ್ಥ, ಮತ್ತೆ ಮಾಡಿಸುತ್ತಾರೆ. ಈ ಶಿಸ್ತು ಕಲಿತವರು ಮುಂದೆ ಯಾವ ಅಧ್ಯಯನಕ್ಕೆ ಹೋದರೂ ಕೈ ನಡುಗುವುದಿಲ್ಲ.

ಪ್ರಶ್ನಾವಳಿಯ ಕೆಲಸ ಇದಕ್ಕಿಂತಲೂ ಚೆನ್ನಾಗಿದೆ. ಇಂಗ್ಲಿಷಿನ ಪ್ರಶ್ನೆಯನ್ನು ಕನ್ನಡಕ್ಕೆ, ತುಳುವಿಗೆ ತಂದು, ಮೂಲ ನೋಡದ ಇನ್ನೊಬ್ಬರಿಂದ ಇಂಗ್ಲಿಷಿಗೆ ಮರಳಿಸಿ ಹೋಲಿಸುತ್ತಾರೆ. ‘ತಂಬಾಕು ಸೇವಿಸುತ್ತೀರಾ?’ ಎಂದರೆ ಅಜ್ಜಿಯರು ಇಲ್ಲ ಅನ್ನುತ್ತಾರೆ, ಅವರ ಲೆಕ್ಕದಲ್ಲಿ ತಂಬಾಕೆಂದರೆ ಸಿಗರೇಟು. ‘ಬಚ್ಚಿರೆದೊಟ್ಟುಗು ಪುಗೆರೆ ಪಾಡುವರಾ?’ (ವೀಳ್ಯದೆಲೆ ಜೊತೆ ಹೊಗೆಸೊಪ್ಪು ಹಾಕುತ್ತೀರಾ?) ಎಂದು ತುಳುವಿನಲ್ಲಿ ಕೇಳಿದರೆ ಉತ್ತರ ಬೇರೆಯೇ. ‘ಆಯಾಸ’ಕ್ಕೂ ಹಾಗೇ, ‘ಬಚ್ಚೆಲ್’ ಎಂದರೆ ಮಾತ್ರ ಮಾತು ಹೊರಡುತ್ತದೆ. ಇಲ್ಲಿ ಮನೆಯಲ್ಲಿ ತುಳು ಆಡುವ ಹುಡುಗಿ ನಗರದ ಕಾನ್ವೆಂಟಿನವರಿಗಿಂತ ಒಳ್ಳೆಯ ಸಂಶೋಧಕಿ, ತರಬೇತಿ ಅದನ್ನು ಗುರುತಿಸಿ ಅವಳನ್ನೇ ತಂಡದ ಮುಂದೆ ನಿಲ್ಲಿಸುತ್ತದೆ. ಬ್ಯಾರಿ, ಕೊಂಕಣಿ ಅನುವಾದ ಇನ್ನೂ ಆಗಿಲ್ಲ, ಅದು ಕೊರತೆಯೇ.

ಎಡವುವುದು ಮಾದರಿಯ ಸಂಖ್ಯೆಯಲ್ಲಿ, ಅಂದರೆ ಎಷ್ಟು ಜನರನ್ನು ಕೇಳಬೇಕೆಂಬ ಲೆಕ್ಕದಲ್ಲಿ. ಹಳೆಯ ಪ್ರಬಂಧ ನೋಡಿ 384 ಎಂದು ಬರೆದುಕೊಳ್ಳುತ್ತಾರೆ. ಅದು ಶೇ 50 ಪ್ರಮಾಣ ಹಿಡಿದು, ಶೇ 5 ತಪ್ಪಿಗೆ ಅವಕಾಶ ಇಟ್ಟಾಗ ಬರುವ ಲೆಕ್ಕ. ಶೇ 10 ಮಂದಿ ಸಿಗಲಾರರೆಂದು ಹಿಡಿದರೆ 427 ಮಂದಿಯ ಬಳಿ ಹೋಗಬೇಕು. ಎಂಟು ವಾರದಲ್ಲಿ ಕ್ಷೇತ್ರಕಾರ್ಯಕ್ಕೆ ಉಳಿಯುವುದು 15 ದಿನ, ಇಬ್ಬರು ಸೇರಿ ದಿನಕ್ಕೆ ಎಂಟು ಮನೆ ಮುಗಿಸಿದರೇ ಹೆಚ್ಚು. ಶೇ 10 ತಪ್ಪಿಗೆ ಒಪ್ಪಿದರೆ 96 ಸಾಕು, ಕಲಿಯುವ ಅಧ್ಯಯನಕ್ಕೆ ಅದೇ ಸರಿ. ಮನೆಯವರು ಕಟ್ಟಿದ ಬೀಡಿ ಒಪ್ಪಿಸಲು ಬ್ರಾಂಚಿಗೆ ಹೋಗುವ ಹೊತ್ತು ಯಾವುದೆಂದು ಮೊದಲೇ ಆಶಾ ಕಾರ್ಯಕರ್ತೆಯನ್ನು ಕೇಳಿಕೊಳ್ಳದಿದ್ದರೆ ಬೀಗ ನೋಡಿ ಬರುವುದೇ ಆಗುತ್ತದೆ. ಮೇ ಕೊನೆಗೆ ಕ್ಷೇತ್ರಕಾರ್ಯ ಮುಗಿಸಬೇಕು, ಜೂನ್ ಮಳೆ ಹಿಡಿದರೆ ಒಳದಾರಿಗಳಲ್ಲಿ ಓಡಾಟ ಕಷ್ಟ. ಜನರ ಮೇಲಿನ ಅಧ್ಯಯನವನ್ನು ಪರಿಶೀಲಿಸುವ ನೈತಿಕ ಸಮಿತಿಯ ಒಪ್ಪಿಗೆಯಿಲ್ಲದೆ ಒಂದು ಮನೆಗೂ ಹೋಗುವಂತಿಲ್ಲ, ಹಾಗಾಗಿ ಅದನ್ನು ಮಾರ್ಗದರ್ಶಕರು ಮಾರ್ಚ್‌ನಲ್ಲೇ ಪಡೆದಿರಬೇಕು. ಕೆಲವು ತಂಡಗಳ ಎರಡು ವಾರ ಬರೀ ಆ ಕಾಗದಕ್ಕೆ ಕಾಯುವುದರಲ್ಲಿ ಹೋಗುತ್ತದೆ.

ಎಕ್ಸೆಲ್ ಪಾಠ ಸಾಲದು. ಉತ್ತರ ಸಿಗದಲ್ಲಿ 999 ಹಾಕಿ, ಅದನ್ನು ತೆಗೆಯದೆ ಸರಾಸರಿ ತೆಗೆದರೆ ಹಿಮೋಗ್ಲೋಬಿನ್ ಸರಾಸರಿ ಮೂವತ್ತೂ ದಾಟಬಹುದು. ಮಾಹಿತಿ ಸಂಗ್ರಹಿಸುವ ಕೊಬೊ ತಂತ್ರಾಂಶದಲ್ಲಿ ಮಿತಿ ಹಾಕಿ ಮೊಬೈಲಿನಲ್ಲೇ ತುಂಬಿಸಿದರೆ ಈ ತಪ್ಪು ಬಾಗಿಲಲ್ಲೇ ನಿಲ್ಲುತ್ತದೆ, ನೆಟ್‌ವರ್ಕ್ ಬೇಕೆಂದೂ ಇಲ್ಲ.

ಇನ್ನು ದುಡ್ಡು. ಸ್ಟೈಪೆಂಡ್ ವರದಿ ಒಪ್ಪಿಸಿದ ಮೇಲೆ, ಒಂದೇ ಕಂತಿನಲ್ಲಿ. ಹಾಸ್ಟೆಲ್ ಠೇವಣಿ ಮಾತ್ರ ಮೊದಲ ದಿನವೇ. ಬೈಂದೂರಿನಿಂದಲೋ ಬೆಳ್ತಂಗಡಿಯಿಂದಲೋ ಬರುವವರು ಎರಡು ತಿಂಗಳು ಕೈಯಿಂದ ಹಾಕಬೇಕು. ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸಿಗೆ ಮಾತ್ರ, ನಮ್ಮ ಕರಾವಳಿಯ ಹೆಚ್ಚಿನ ರೂಟುಗಳಲ್ಲಿ ಓಡುವುದು ಖಾಸಗಿ ಬಸ್ಸು. ರಜೆಯಲ್ಲಿ ಬಟ್ಟೆ ಅಂಗಡಿಗೆ, ಕ್ಯಾಟರಿಂಗ್‌ಗೆ ಹೋಗಿ ಮುಂದಿನ ಸೆಮಿಸ್ಟರಿನ ಫೀಸು ಹೊಂದಿಸುವ ಮಕ್ಕಳಿಗೆ ಇದು ಎರಡು ಕಡೆಯ ಹೊಡೆತ. ನಾಲ್ಕನೇ ವಾರದಲ್ಲಿ ಬಿಟ್ಟುಹೋಗುವವರು ಕಲಿಯಲಾರದೆ ಹೋಗುವವರಲ್ಲ, ಬಸ್ಸಿಗೆ ಚಿಲ್ಲರೆ ಇಲ್ಲದೆ ಹೋಗುವವರು. ಮೂರು ಕಂತು ಮಾಡಿ, ಮೊದಲನೆಯದನ್ನು ಮೊದಲ ವಾರವೇ ಕೊಡಬೇಕು. ಆದ್ಯತೆ ಯಾರಿಗೆಂದು ಪ್ರಕಟಣೆಯಲ್ಲಿ ಬರೆದಿದ್ದಾರೋ ಅವರ ಮನೆಯ ಖರ್ಚು ಗೊತ್ತಿದ್ದವರು ಬೇರೆ ರೀತಿ ಮಾಡಲಾರರು.

ಅರ್ಜಿ ಹಾಕುವವರು ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಮತ್ತು ಆದಾಯ ಪತ್ರದ ಅವಧಿ ಈಗಲೇ ನೋಡಿಕೊಳ್ಳಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಲಿ. ಸೇರುವ ಮುನ್ನ ಮೂರು ವಿಷಯ ಕೇಳಿ, ಉತ್ತರವನ್ನು ಇಮೇಲ್‌ನಲ್ಲೇ ಪಡೆಯಿರಿ: ಮೊದಲ ಕಂತು ಯಾವ ದಿನಾಂಕಕ್ಕೆ, ನೈತಿಕ ಸಮಿತಿಯ ಒಪ್ಪಿಗೆ ಬಂದಿದೆಯೇ, ನಡುವೆ ವಿಶ್ವವಿದ್ಯಾಲಯದ ಪರೀಕ್ಷೆ ಬಂದರೆ ಎಷ್ಟು ದಿನದ ರಜೆ.