ನಾಬ್ ಬಿಟ್ಟು ಮೈಕ್ ಸರಿಸಿ ನೋಡಿ

ತುಮಕೂರಿನ ಕ್ಯಾತ್ಸಂದ್ರದಲ್ಲಿ ನಮ್ಮದು ಮಹಡಿ ಮೇಲಿನ ಬಾಡಿಗೆ ಮನೆ, ಕೆಳಗೆ ಓನರ್ ಅಂಕಲ್. ನಿಜವಾದ ಆಂಪ್ ಇಟ್ಟು ಗಿಟಾರ್ ಜೋರಾಗಿ ಬಾರಿಸುವ ಮಾತೇ ಇಲ್ಲ. ಲ್ಯಾಪ್‌ಟಾಪು, ಹೆಡ್‌ಫೋನು, ಆಂಪ್, ಸ್ಪೀಕರ್, ಮೈಕ್ ಎಲ್ಲವನ್ನೂ ಪರದೆಯ ಮೇಲೇ ಅನುಕರಿಸುವ ಆಂಪ್ ಸಿಮ್ಯುಲೇಟರ್ ಸಾಫ್ಟ್‌ವೇರು, ಅಷ್ಟೇ ನನ್ನ ಪ್ರಪಂಚ. ಎರಡು ವರ್ಷ ಸುಮ್ನೆ ಬಾಸ್, ಟ್ರೆಬಲ್ ನಾಬ್ ತಿರುಗಿಸುತ್ತಾ ಕೂತಿದ್ದೆ. ಕಳೆದ ಭಾನುವಾರ ಒಂದೇ ರಿಫ್ (ಪುಟ್ಟ ಗಿಟಾರ್ ತುಣುಕು) ರೆಕಾರ್ಡ್ ಮಾಡಿಟ್ಟುಕೊಂಡು, ಆಂಪ್ ಮುಟ್ಟದೆ, ಸ್ಪೀಕರಿನ ಮುಂದಿರುವ ಮೈಕನ್ನು ಮಾತ್ರ ಸರಿಸುತ್ತಾ ಕೇಳಿದೆ.

ಮೊದಲು ಎಸ್‌ಎಂ57 ಅನ್ನುವ ಮೈಕು. ಸ್ಪೀಕರಿನ ನಡುವೆ ಇರುವ ಗುಂಡನೆಯ ಡಸ್ಟ್ ಕ್ಯಾಪ್‌ಗೆ ನೇರವಾಗಿ ಇಟ್ಟರೆ ಕಿವಿಗೆ ಸೂಜಿ ಚುಚ್ಚಿದ ಹಾಗೆ, ಪಿಕ್ ತಂತಿಗೆ ಉಜ್ಜುವುದೂ ಬಿಡದೆ ಕೇಳಿಸುತ್ತದೆ. ಕ್ಯಾಪ್ ಮುಗಿದು ಕೋನ್ ಶುರುವಾಗುವ ಅಂಚಿಗೆ ತಂದೆ. ಸೂಜಿ ಹೋಯಿತು, ಗಟ್ಟಿತನ ಉಳಿಯಿತು. ಇನ್ನೂ ಹೊರಗೆ ಎಳೆದರೆ ಕಂಬಳಿ ಹೊದಿಸಿದಷ್ಟು ಮಂಕು.

ಆಮೇಲೆ ರಾಯರ್ ಆರ್‌-121, ಒಳಗೆ ತೆಳು ಲೋಹದ ಪಟ್ಟಿ ಇರುವ ರಿಬ್ಬನ್ ಮೈಕು. ಕ್ಲೀನ್ ಸೌಂಡಿಗೆ ಇದೇ ಇಷ್ಟವಾಯಿತು, ಮೇಲಿನ ಸ್ವರಗಳು ಬೆಣ್ಣೆ ಹಾಗೆ. ಆದರೆ ಗೇನ್ (ಸೌಂಡನ್ನು ಒಡೆದು ಗರಗರ ಅನ್ನಿಸುವ ನಾಬ್) ಏರಿಸಿ ಹತ್ತಿರ ಇಟ್ಟರೆ ಬಾಸ್ ಗುಂಯ್ ಅನ್ನುತ್ತದೆ, ಹತ್ತಿರ ಹೋದಷ್ಟೂ ಬಾಸ್ ಜಾಸ್ತಿ ಹಿಡಿಯುವುದು ಇಂಥ ಮೈಕಿನ ಗುಣ. ಒಂದು ಗೇಣು ಹಿಂದಕ್ಕೆ ತಂದ ಮೇಲೆ ಸರಿಹೋಯಿತು.

ಎರಡನ್ನೂ ಸೇರಿಸಿದರೆ ಇನ್ನೂ ಚೆನ್ನಾಗಿರಬೇಕು ಅಲ್ವಾ? ನಾನೂ ಹಾಗೇ ಅಂದುಕೊಂಡೆ. 57 ಅನ್ನು ಸ್ಪೀಕರಿಗೆ ತಾಗುವ ಹಾಗೆ, ರಿಬ್ಬನ್ನನ್ನು ಸುಮಾರು ಮೂರೂವರೆ ಸೆಂಟಿಮೀಟರ್ ಹಿಂದೆ ಇಟ್ಟೆ. ಗಿಟಾರ್ ಎಣ್ಣೆ ಡಬ್ಬದೊಳಗಿನಿಂದ ಬಂದ ಹಾಗಾಯಿತು! ಅಷ್ಟು ದೂರ ದಾಟಲು ಶಬ್ದಕ್ಕೆ 0.1 ಮಿಲಿಸೆಕೆಂಡ್ ಬೇಕು, ಅಷ್ಟರಲ್ಲೇ 5 ಕಿಲೋಹರ್ಟ್ಸ್ ಸುತ್ತಮುತ್ತ ಎರಡು ಮೈಕುಗಳು ಒಂದನ್ನೊಂದು ಹೊಡೆದು ಹಾಕುತ್ತವೆ. ಒಂದು ಮೈಕಿನ ಅಲೆಯನ್ನು ತಲೆಕೆಳಗು ಮಾಡುವ ಫೇಸ್ ಬಟನ್ ಒತ್ತಿದರೆ ಬಾಸೇ ಮಾಯ. ಎರಡನ್ನೂ ಒಂದೇ ದೂರಕ್ಕೆ ತಂದಾಗ ಮಾತ್ರ ಸೌಂಡಿಗೆ ಮೈ ಬಂತು.

ನಿಜವಾದ ಸ್ಪೀಕರ್, ಮೈಕಿನ ಸೌಂಡನ್ನು ಅಳೆದು ಇಟ್ಟಿರುವ ರೆಡಿಮೇಡ್ ಐಆರ್ (ಇಂಪಲ್ಸ್ ರೆಸ್ಪಾನ್ಸ್) ಫೈಲುಗಳನ್ನೂ ಹಾಕಿ ನೋಡಿದೆ. ಸೌಂಡ್ ಚೆನ್ನಾಗಿದೆ, ಆದರೆ ಮೈಕಿನ ಜಾಗವೂ ಅದರಲ್ಲೇ ಅಚ್ಚೊತ್ತಿರುವುದರಿಂದ ಸರಿಸಲಾಗದು, ಬೇರೆ ಫೈಲೇ ಹುಡುಕಬೇಕು. ನನಗೆ ತಾಳ್ಮೆ ಇಲ್ಲ.

ಎಫೆಕ್ಟಿನ ವಿಷಯದಲ್ಲಿ ಒಂದೇ ಮಾತು: ರಿವರ್ಬನ್ನು (ದೊಡ್ಡ ಕೋಣೆಯಲ್ಲಿ ಕೇಳುವಂಥ ಮಾರ್ದನಿ) ಗೇನ್ ಜಾಸ್ತಿ ಇರುವ ಆಂಪಿನ ಮುಂದೆ ಹಾಕಿದರೆ ಕಲಸುಮೇಲೋಗರ, ಸ್ಪೀಕರ್ ಪೆಟ್ಟಿಗೆ, ಅಂದರೆ ಕ್ಯಾಬಿನೆಟ್ ಆದ ಮೇಲೆ ಹಾಕಿದರೆ ಸ್ವಚ್ಛ.

ಈಗ ನನ್ನ ಪ್ರೀಸೆಟ್‌ನಲ್ಲಿ 57 ಕ್ಯಾಪ್ ಅಂಚಿನಲ್ಲಿದೆ, ರಿಬ್ಬನ್ ಅದರ ಪಕ್ಕದಲ್ಲೇ, ವಾಲ್ಯೂಮ್ ಮಾತ್ರ ಅದಕ್ಕಿಂತ ಕಡಿಮೆ. ಟ್ರೆಬಲ್ ನಾಬ್ ಭಾನುವಾರದಿಂದ ಅಲ್ಲಾಡಿಲ್ಲ.